ಮೂಕಿ ಎಷ್ಟು ಭಾರ? ಮನೆಯಲ್ಲೇ ಕಟ್ಟುವ ಟಿಯರ್‌ಡ್ರಾಪ್ ಟ್ರೇಲರ್

ಕಾರಿನ ಹಿಂದೆ ಎಳೆದೊಯ್ಯುವ ಪುಟ್ಟ ಮಲಗುವ ಗೂಡು. ಮುಂದೆ ಹಾಸಿಗೆ, ಹಿಂದಿನ ಮುಚ್ಚಳ ಎತ್ತಿದರೆ ಅಡುಗೆಕಟ್ಟೆ. ಪಕ್ಕದಿಂದ ನೋಡಿದರೆ ಕಣ್ಣೀರ ಹನಿಯ ಆಕಾರ, ಅದಕ್ಕೇ ಟಿಯರ್‌ಡ್ರಾಪ್ ಎಂಬ ಹೆಸರು. ಅಮೆರಿಕದಲ್ಲಿ 1930ರ ದಶಕದಿಂದಲೂ ಜನ ಇದನ್ನು ಮನೆಯಲ್ಲೇ ಕಟ್ಟುತ್ತಿದ್ದಾರೆ. ಈಗ ಅಲ್ಲಿರುವ ನಮ್ಮವರಿಗೂ ಈ ಹುಚ್ಚು ಹತ್ತಿದೆ. ಈ ಸಲ ಬಂದ ಪ್ರಶ್ನೆಗಳಲ್ಲಿ ನಾಲ್ಕನ್ನು ಆರಿಸಿದ್ದೇನೆ.

ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ, ಹೋಂಡಾ ಸಿಆರ್-ವಿ ಕಾರು ಇದೆ. 5 ಅಡಿ ಅಗಲ, 8 ಅಡಿ ಉದ್ದದ ಟ್ರೇಲರ್ ಚಾಸಿ (ಗಾಲಿ ಇರುವ ತಳದ ಚೌಕಟ್ಟು) ತಂದಾಗಿದೆ. ಹಿಂದೆ ಫ್ರಿಜ್, ಸ್ಟೌ, ಸಿಂಕ್, 15 ಗ್ಯಾಲನ್ ನೀರಿನ ಟ್ಯಾಂಕ್ ಇಡುವ ಯೋಚನೆ. ಒಳಗಿನ ಕಪಾಟಿಗೆ ಯಾವ ಮರ ಒಳ್ಳೆಯದು?

ಕಪಾಟಿನ ಮಾತು ಆಮೇಲೆ. ಮೊದಲು ತೂಕ.

ಅಮೆರಿಕದಲ್ಲಿ ಪೆಟ್ರೋಲ್ ಸಿಆರ್-ವಿ (ಹೈಬ್ರಿಡ್ ಅಲ್ಲ) ಎಳೆಯಬಹುದಾದದ್ದು 1,500 ಪೌಂಡ್, ಅಂದರೆ ಸುಮಾರು 680 ಕೆಜಿ. ಇದು ಖಾಲಿ ಟ್ರೇಲರಿನ ತೂಕವಲ್ಲ. ಹಾಸಿಗೆ, ನೀರು, ಬ್ಯಾಟರಿ, ಅಕ್ಕಿ ಡಬ್ಬ ಎಲ್ಲ ಸೇರಿ. ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ತೊಡಕಿದೆ: ಒಟ್ಟು ತೂಕ 1,500 ಪೌಂಡ್ ಮುಟ್ಟಿದರೆ ಟ್ರೇಲರಿಗೇ ಬೇರೆ ಬ್ರೇಕ್ ಬೇಕು. ಹಾಗಾಗಿ ಎಲ್ಲ ತುಂಬಿದ ಮೇಲೂ 1,200 ದಾಟಬಾರದು ಅಂತ ಈಗಲೇ ಗೆರೆ ಹಾಕಿಕೊಳ್ಳಿ.

ಲೆಕ್ಕ ಬಹಳ ಬೇಗ ಏರುತ್ತದೆ. ಮುಕ್ಕಾಲು ಇಂಚಿನ ಪ್ಲೈವುಡ್ ಹಾಳೆ, 4 ಅಡಿ ಅಗಲ 8 ಅಡಿ ಉದ್ದದ್ದು, ಒಂದಕ್ಕೇ 60-70 ಪೌಂಡ್. ಕಾಲು ಇಂಚಿನದಾದರೆ 25ರ ಆಸುಪಾಸು. ಕಪಾಟಿಗೆ, ಚಾವಣಿಗೆ ತೆಳು ಹಾಳೆಯೇ ಸಾಕು. ಇನ್ನು ನಿಮ್ಮ ನೀರಿನ ಟ್ಯಾಂಕ್. ಒಂದು ಗ್ಯಾಲನ್ ನೀರು 8.3 ಪೌಂಡ್. 15 ಗ್ಯಾಲನ್ ಅಂದರೆ 125. ಕ್ಯಾಂಪ್‌ಗ್ರೌಂಡಿನಲ್ಲಿ ನಲ್ಲಿ ಇರುವಾಗ ಮನೆಯಿಂದ ನೀರು ಹೊತ್ತೊಯ್ಯುವುದು ಯಾಕೆ? 5 ಗ್ಯಾಲನ್ನಿನ ಒಂದು ಕ್ಯಾನ್ ಇಟ್ಟುಕೊಳ್ಳಿ, ಅಲ್ಲಿ ಹೋಗಿ ತುಂಬಿಸಿ.

ಒಟ್ಟು ತೂಕಕ್ಕಿಂತ ನನಗೆ ಜಾಸ್ತಿ ಹೆದರಿಕೆ ಹುಟ್ಟಿಸಿದ್ದು ನೀವು ಬರೆದಿರುವ 'ಹಿಂದೆ' ಎಂಬ ಪದ. ಎತ್ತಿನ ಗಾಡಿ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೇರು ಹಿಂದಕ್ಕೆ ಜಾಸ್ತಿಯಾದರೆ ಮೂಕಿ, ಅಂದರೆ ಗಾಡಿಯ ಮುಂದೆ ಚಾಚಿರುವ ಮರ, ಮೇಲೇಳುತ್ತದೆ, ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ. ಮುಂದಕ್ಕೆ ಜಾಸ್ತಿಯಾದರೆ ಹೆಗಲು ಹುಣ್ಣಾಗುತ್ತದೆ. ನಮ್ಮಜ್ಜ ತಾವು ಕೂರುವ ಜಾಗ ಒಂದು ಮೊಳ ಹಿಂದೆ ಮುಂದೆ ಸರಿಸಿಯೇ ಗಾಡಿ ಸಮ ಮಾಡುತ್ತಿದ್ದರು. ಟ್ರೇಲರಿನದೂ ಇದೇ ಕತೆ. ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಮೂಕಿಯ ಮೇಲೆ, ಅಂದರೆ ಕಾರಿನ ಹಿಂದೆ ಟ್ರೇಲರ್ ಸಿಕ್ಕಿಸುವ ಹಿಚ್ ಮೇಲೆ ಕೂರಬೇಕು. 1,200 ಪೌಂಡಿಗೆ 120ರಿಂದ 180. ಇದಕ್ಕೂ ಕಾರಿನ ಕೈಪಿಡಿಯಲ್ಲಿ ಒಂದು ಮಿತಿ ಕೊಟ್ಟಿರುತ್ತಾರೆ, ಅದನ್ನು ಮೀರಬೇಡಿ.

ಕಡಿಮೆಯಾದರೆ ಏನಾಗುತ್ತದೆ? ನನ್ನ ಮೊದಲ ಟ್ರೇಲರಿನಲ್ಲಿ ಕೂಲರ್, ನೀರು, ದೋಸೆ ಕಾವಲಿ, ಕುಕ್ಕರ್ ಎಲ್ಲವನ್ನೂ ಹಿಂದಿನ ಅಡುಗೆಕಟ್ಟೆಯಲ್ಲಿ ತುರುಕಿದ್ದೆ. ಇಳಿಜಾರಿನಲ್ಲಿ 55 ಮೈಲಿ ವೇಗಕ್ಕೆ ಬರುತ್ತಿದ್ದ ಹಾಗೆ ಬಾಲ ಅಲ್ಲಾಡಿಸತೊಡಗಿತು. ಮೊದಲು ಸ್ವಲ್ಪ, ಆಮೇಲೆ ಕಾರನ್ನೇ ಎಡಕ್ಕೆ ಬಲಕ್ಕೆ ಎಳೆಯುವಷ್ಟು. ಹೆಂಡತಿ ಮಾತಾಡುವುದನ್ನು ನಿಲ್ಲಿಸಿದಳು, ಅದರಿಂದಲೇ ಪರಿಸ್ಥಿತಿ ಗೊತ್ತಾಯಿತು. ಆಗ ಮಾಡಬೇಕಾದದ್ದು ಒಂದೇ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟಿಯರಿಂಗ್ ನೇರ ಹಿಡಿದು, ತಾನಾಗಿ ನಿಧಾನ ಆಗಲು ಬಿಡುವುದು. ಗಾಬರಿಯಲ್ಲಿ ಬ್ರೇಕ್ ಒತ್ತಿದರೆ ಇನ್ನೂ ಕೆಡುತ್ತದೆ.

ಅಳೆಯುವುದು ಸುಲಭ. ಮನೆಯಲ್ಲಿ ನಾವು ನಿಂತು ತೂಕ ನೋಡುವ ಯಂತ್ರ ಸಾಕು. ಗಾಲಿ ಉರುಳದಂತೆ ಅಡ್ಡ ಕೊಟ್ಟು, ಯಂತ್ರದ ಮೇಲೆ ಒಂದು ಗಟ್ಟಿ ಮರದ ತುಂಡು ನಿಲ್ಲಿಸಿ, ಅದರ ಮೇಲೆ ಟ್ರೇಲರಿನ ಕೊಕ್ಕೆಯ ಬಾಯಿ ಕೂರಿಸಿ. ಟ್ರೇಲರ್ ಮಟ್ಟವಾಗಿರಲಿ, ಪ್ರವಾಸಕ್ಕೆ ಹೊರಡುವಾಗಿನ ಸಾಮಾನೆಲ್ಲ ಒಳಗಿರಲಿ. ಖಾಲಿ ಟ್ರೇಲರ್ ತೂಗಿ ಸಮಾಧಾನ ಪಟ್ಟುಕೊಳ್ಳುವವರು ಬಹಳ ಮಂದಿ.

ಆದ್ದರಿಂದ ಗೋಡೆ ಏಳಿಸುವ ಮೊದಲೇ ಬ್ಯಾಟರಿಯನ್ನು ಮುಂದಿನ ಪೆಟ್ಟಿಗೆಗೆ ತನ್ನಿ. ನೀರಿನ ಕ್ಯಾನ್ ಗಾಲಿಯ ಅಚ್ಚಿನ ಮೇಲೆ ಅಥವಾ ಅದಕ್ಕಿಂತ ಮುಂದೆ ಇರಲಿ. ಹಿಂದೆ ಸ್ಟೌ, ಪಾತ್ರೆ ಇದ್ದರೆ ಸಾಕು. ಚಾಸಿಯಲ್ಲಿ ಅಚ್ಚನ್ನು ಸರಿಸಲು ಆಗುವಂತಿದ್ದರೆ ಗೂಡಿನ ಉದ್ದದಲ್ಲಿ ಮುಂದಿನಿಂದ ನೂರಕ್ಕೆ 60 ಪಾಲು ಆಗುವ ಕಡೆ ಕೂರಿಸಿ ಶುರು ಮಾಡಿ. ಇಷ್ಟಾದ ಮೇಲೆ ಕಪಾಟಿಗೆ ಬರ್ಚ್ ಪ್ಲೈ ಹಾಕಿ, ಚೆನ್ನಾಗಿರುತ್ತದೆ.

ಸಿಯಾಟಲ್ ಹತ್ತಿರ ಇದ್ದೇವೆ. ಎರಡು ವರ್ಷದ ಹಿಂದೆ ಕಟ್ಟಿದ ಟ್ರೇಲರಿನ ಚಾವಣಿ ಅಂಚಿನಲ್ಲಿ ಪ್ಲೈವುಡ್ ಮೆತ್ತಗಾಗಿದೆ. ಎಲ್ಲ ಸಂದಿಗೂ ಸಿಲಿಕೋನ್ ಬಳಿದಿದ್ದೆ. ಮತ್ತೊಂದು ಪದರ ಬಳಿದರೆ ಆದೀತಾ?

ಆಗದು. ಸಿಲಿಕೋನ್‌ನ ಕಷ್ಟ ಅಂದರೆ ಅದರ ಮೇಲೆ ಬಣ್ಣ ಕೂರುವುದಿಲ್ಲ, ಬೇರೆ ಅಂಟು ಹಿಡಿಯುವುದಿಲ್ಲ, ಹಳೆಯ ಸಿಲಿಕೋನ್ ಮೇಲೆ ಹೊಸ ಸಿಲಿಕೋನ್ ಕೂಡ ಸರಿಯಾಗಿ ಹಿಡಿಯುವುದಿಲ್ಲ. ಪೂರ್ತಿ ಕೆರೆದು ತೆಗೆಯಲೇಬೇಕು. ಅಲ್ಯೂಮಿನಿಯಂ ಅಂಚುಪಟ್ಟಿ ಬಿಚ್ಚಿ, ಕೆಳಗೆ ಬ್ಯುಟೈಲ್ ಟೇಪ್ (ಮೆತ್ತನೆಯ, ರಬ್ಬರಿನಂಥ ಅಂಟುಪಟ್ಟಿ) ಹಾಕಿ ಮತ್ತೆ ಸ್ಕ್ರೂ ಬಿಗಿಯಿರಿ. ಬ್ಯುಟೈಲ್ ಒಣಗಿ ಗಟ್ಟಿಯಾಗುವುದಿಲ್ಲ, ರಸ್ತೆಯಲ್ಲಿ ಗೂಡು ಅಲುಗಾಡಿದರೂ ಜೊತೆಗೇ ಹಿಗ್ಗಿ ಕುಗ್ಗುತ್ತದೆ. ಪಕ್ಕಕ್ಕೆ ಉಕ್ಕಿ ಬಂದದ್ದನ್ನು ಒಂದು ದಿನ ಬಿಟ್ಟು ಕತ್ತರಿಸಿ.

ಆದರೆ ಮೊದಲು ನೀರು ಎಲ್ಲಿಂದ ಬಂತು ಅಂತ ಗೊತ್ತಾಗಬೇಕು ಅಲ್ವಾ? ಪೈಪಿನಲ್ಲಿ ನೀರು ಬಿಡುವಾಗ ಕೆಳಗಿನಿಂದ ಮೇಲಕ್ಕೆ ಬನ್ನಿ, ಒಂದೊಂದು ಸಂದಿಗೆ ಐದು ನಿಮಿಷ. ಮೇಲಿನಿಂದ ಶುರು ಮಾಡಿದರೆ ಎಲ್ಲವೂ ಒದ್ದೆಯಾಗಿ ಏನೂ ತಿಳಿಯುವುದಿಲ್ಲ. ಮಳೆಯೇ ಇಲ್ಲದ ರಾತ್ರಿ ಮಲಗಿ ಎದ್ದಾಗಲೂ ಚಾವಣಿ ಒದ್ದೆಯಿದ್ದರೆ ಅದು ಸೋರಿಕೆಯಲ್ಲ, ನಿಮ್ಮಿಬ್ಬರ ಉಸಿರು. ಚಳಿಯಾದರೂ ಮೇಲಿನ ಕಿಂಡಿ ಒಂದಿಂಚು ತೆರೆದಿರಲಿ.

ಮೆತ್ತಗಾದ ಮರವನ್ನು ಸ್ಕ್ರೂಡ್ರೈವರಿನಿಂದ ಚುಚ್ಚುತ್ತಾ ಹೋಗಿ, ಗಟ್ಟಿ ಸಿಕ್ಕಲ್ಲಿಂದ ಇನ್ನೂ ಎರಡಿಂಚು ಆಚೆಗೆ ಕತ್ತರಿಸಿ. ಹೊಸ ತುಂಡಿನ ಕತ್ತರಿಸಿದ ಅಂಚಿಗೆ ಇಪಾಕ್ಸಿ ಅಂಟು ಕುಡಿಸಿ. ಪ್ಲೈವುಡ್ ನೀರು ಕುಡಿಯುವುದು ಅಂಚಿನಿಂದ. ಕೊಳೆಯದಿರಲಿ ಅಂತ ತಾಮ್ರದ ಔಷಧಿ ಹಾಕಿದ ಮರ ತಂದೀರಿ, ಬೇಡ. ಅದಕ್ಕೆ ತಾಗಿದ ಅಲ್ಯೂಮಿನಿಯಂ ತೂತು ಬೀಳುತ್ತದೆ.

ಡೆಟ್ರಾಯಿಟ್‌ನಿಂದ: 12 ವೋಲ್ಟ್ ಫ್ರಿಜ್, ಫ್ಯಾನ್, ಎಲ್‌ಇಡಿ ದೀಪ, ಎರಡು ಫೋನ್. ಎರಡು ರಾತ್ರಿಗೆ 100 ಆಂಪಿಯರ್-ಗಂಟೆ ಬ್ಯಾಟರಿ ಸಾಕಾ?

ಲಿಥಿಯಂ ಐರನ್ ಫಾಸ್ಫೇಟ್ ಆದರೆ ಸಾಕು. ಅದರಲ್ಲಿ 1,280 ವ್ಯಾಟ್-ಗಂಟೆ ಇರುತ್ತದೆ, ಹೆಚ್ಚುಕಡಿಮೆ ಎಲ್ಲವನ್ನೂ ಬಳಸಬಹುದು. ಸಣ್ಣ ಕಂಪ್ರೆಸರ್ ಫ್ರಿಜ್ ಓಡುವಾಗ 45 ವ್ಯಾಟ್ ಎಳೆಯುತ್ತದೆ ಅಂದುಕೊಳ್ಳಿ. ದಿನದ ಮೂರನೇ ಒಂದು ಪಾಲು ಹೊತ್ತು ಓಡಿದರೆ 360 ವ್ಯಾಟ್-ಗಂಟೆ, ಸೆಕೆಯಲ್ಲಿ ಅರ್ಧ ಹೊತ್ತು ಓಡಿದರೆ 540. ಉಳಿದದ್ದೆಲ್ಲ ಸೇರಿ 130. ಸೆಕೆಗಾಲದಲ್ಲಿ ಎರಡನೇ ದಿನ ಸಂಜೆಗೆ ಬಿಗಿಯಾಗುತ್ತದೆ, 100 ವ್ಯಾಟಿನ ಒಂದು ಸೋಲಾರ್ ಫಲಕ ಇದ್ದರೆ ನಿಶ್ಚಿಂತೆ. ಹಳೆಯ ಸೀಸ-ಆಮ್ಲದ ಬ್ಯಾಟರಿಯಾದರೆ ಅರ್ಧವನ್ನಷ್ಟೇ ಬಳಸಬೇಕು, ತೂಕವೂ ಎರಡು ಪಟ್ಟು.

ನಿಮ್ಮೂರಿನ ಚಳಿಗೆ ಒಂದು ಎಚ್ಚರಿಕೆ. ಈ ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೇ ಹಾಳಾಗುತ್ತದೆ. ಚಳಿಯಲ್ಲಿ ಚಾರ್ಜ್ ನಿಲ್ಲಿಸುವ ಏರ್ಪಾಡು ಇರುವುದನ್ನೇ ಕೊಳ್ಳಿ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ, ಗೇಣಿನೊಳಗೆ. ಫ್ಯೂಸ್ ಇರುವುದು ಫ್ರಿಜ್ ಉಳಿಸಲು ಅಲ್ಲ, ವೈರ್ ಹೊತ್ತಿ ಉರಿಯದಿರಲು. ಮತ್ತೆ, ಕಾರಿನಿಂದ ಬರುವ ನಾಲ್ಕು ಪಿನ್ನಿನ ಪ್ಲಗ್ ದೀಪಗಳಿಗಷ್ಟೇ. ಓಡುವಾಗ ಚಾರ್ಜ್ ಆಗಬೇಕಿದ್ದರೆ ಏಳು ಪಿನ್ನಿನದು ಬೇಕು. ದೀಪ ಮಿಣುಕಿದರೆ ಬಲ್ಬ್ ಬದಲಿಸುವ ಮೊದಲು ಬಿಳಿ ವೈರಿನ ಅರ್ಥಿಂಗ್ ನೋಡಿ, ಹೆಚ್ಚಿನ ಸಲ ತಪ್ಪು ಅಲ್ಲೇ ಇರುತ್ತದೆ.

ಬೇಸಿಗೆಗೆ ಮೈಸೂರಿನಿಂದ ಅಪ್ಪ ಅಮ್ಮ ಬರುತ್ತಾರೆ. ಅವರನ್ನೂ ಕರೆದೊಯ್ಯಬೇಕು. ಮಳೆ ಬಂದರೆ ಒಳಗೇ ಕಾಫಿ ಕಾಯಿಸುವ ಹಾಗೆ ಏನಾದರೂ ಮಾಡಬಹುದಾ?

ಒಳಗೆ ಬೇಡವೇ ಬೇಡ. ನಾಲ್ಕಡಿ ಎತ್ತರದ ಮುಚ್ಚಿದ ಗೂಡಿನಲ್ಲಿ ಸ್ಟೌ ಹಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ನಿದ್ದೆ ಬಂದ ಹಾಗೆ ಆಗುತ್ತದೆ ಅಷ್ಟೇ. ಅದರ ಅಲಾರಂ ಒಂದು ಹೇಗೂ ಹಾಕಿಸಿ. ಪ್ರೊಪೇನ್ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಕೂರುತ್ತದೆ. ಸಿಲಿಂಡರ್ ಹೊರಗೇ ಇರಲಿ, ಪೆಟ್ಟಿಗೆಯಲ್ಲಿ ಇಟ್ಟರೆ ತಳದಲ್ಲಿ ಕಿಂಡಿ ಬಿಡಿ. ಮಳೆಗೆ ಹಿಂದಿನ ಮುಚ್ಚಳದ ಮೇಲಿನಿಂದ ಎರಡು ಕೋಲಿಗೆ ಒಂದು ಟಾರ್ಪಾಲು ಎತ್ತರಕ್ಕೆ ಕಟ್ಟಿ. ಅದರ ಕೆಳಗೆ, ಸುತ್ತ ಗಾಳಿಯಾಡುವ ಕಡೆ, ಫಿಲ್ಟರ್ ಕಾಫಿ ಏನು, ಒಗ್ಗರಣೆಯನ್ನೂ ಹಾಕಬಹುದು.

ಇನ್ನು ಹಿರಿಯರ ವಿಷಯ. ಟಿಯರ್‌ಡ್ರಾಪ್‌ಗೆ ಬಗ್ಗಿ ನುಗ್ಗಬೇಕು, ತೆವಳಿ ಹೊರಬರಬೇಕು. ರಾತ್ರಿ ಎರಡು ಸಲ ಏಳುವ ಅಪ್ಪನಿಗೆ ಅದು ಶಿಕ್ಷೆ. ಅವರಿಗಾಗಿ ನಿಲ್ಲುವಷ್ಟು ಎತ್ತರ ಮಾಡಲು ಹೋದರೆ ತೂಕ ಏರುತ್ತದೆ, ಗಾಳಿಗೆ ಎದೆಯೊಡ್ಡಿ ನಿಲ್ಲುವ ಪೆಟ್ಟಿಗೆ ಆಗುತ್ತದೆ, ಕಾರೂ ಬದಲಿಸಬೇಕಾಗುತ್ತದೆ. ಎಷ್ಟೋ ಕ್ಯಾಂಪ್‌ಗ್ರೌಂಡುಗಳಲ್ಲಿ ಬಾಡಿಗೆಗೆ ಕ್ಯಾಬಿನ್ ಸಿಗುತ್ತದೆ. ಅವರಿಗೆ ಅದನ್ನು ಹಿಡಿಯಿರಿ, ನೀವು ಪಕ್ಕದಲ್ಲಿ ಟ್ರೇಲರ್ ನಿಲ್ಲಿಸಿ. ಬೆಳಿಗ್ಗೆ ಕಾಫಿಗೆ ಅವರೇ ನಡೆದು ಬರುತ್ತಾರೆ.