ಮೂರು ಬಿದ್ದರೆ ಗುಟ್ಟು ರಟ್ಟು

ಪ್ರಶ್ನೆ: ಗೆಳೆಯರಿಗೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿಸುತ್ತೇನೆ. ನಾನು ಕಥೆ ನಡೆಸುತ್ತೇನೆ, ಅವರು ಒಂದೊಂದು ಪಾತ್ರವಾಗಿ ಆಡುತ್ತಾರೆ. ಓಣಿಯೊಂದರ ನೆಲದಲ್ಲಿ ಗುಂಡಿ ಮರೆಮಾಚಿಟ್ಟಿದ್ದೆ. ಒಬ್ಬ ಹುಡುಕಲು ಇಪ್ಪತ್ತು ಮುಖದ ದಾಳ ಹಾಕಿದ, 3 ಬಿತ್ತು. ‘ಏನೂ ಕಾಣಲಿಲ್ಲ’ ಎಂದೆ. ಆಮೇಲೆ ಒಬ್ಬರೂ ಹೆಜ್ಜೆ ಮುಂದಿಡಲಿಲ್ಲ! ಇನ್ನು ಮೇಲೆ ಪರದೆಯ ಹಿಂದೆ ನಾನೇ ದಾಳ ಹಾಕಲೇ? ಮೋಸ ಅನ್ನಿಸುವುದಿಲ್ಲವೇ?

ಉತ್ತರ: ಮೋಸವೇನಲ್ಲ. ಗುಟ್ಟು ಬಿಟ್ಟುಕೊಟ್ಟದ್ದು ನಿಮ್ಮ ಮಾತಲ್ಲ, ಮೇಜಿನ ಮೇಲೆ ಬಿದ್ದ 3. ಅದೇ 18 ಬಿದ್ದು ನೀವು ಅದೇ ಮಾತು ಹೇಳಿದ್ದರೆ ಎಲ್ಲರೂ ಆರಾಮಾಗಿ ನಡೆದುಬಿಡುತ್ತಿದ್ದರು. ಸರಿಯಾಗಿ ನೋಡಲಿಲ್ಲ ಎಂಬುದು ಪಾತ್ರಕ್ಕೆ ಗೊತ್ತಿಲ್ಲ, ಆಡುವವನಿಗೆ ಗೊತ್ತು.

ಇಂಥದೇ ಇನ್ನೊಂದು ಆಟವಾದ ಪಾತ್‌ಫೈಂಡರ್‌ನ 2019ರ ಎರಡನೇ ಆವೃತ್ತಿಯಲ್ಲಿ ಇಂಥ ಪರೀಕ್ಷೆಗಳಿಗೆ ‘ಸೀಕ್ರೆಟ್’ ಎಂಬ ಗುರುತೇ ಇದೆ. ಅವುಗಳ ದಾಳ ಆಟ ನಡೆಸುವವರದು. ಆದರೆ ಪರದೆಯ ಹಿಂದೆ ದಾಳ ಉರುಳಿದ ಸದ್ದಿಗೇ ಆಟಗಾರರ ಕಿವಿ ನೆಟ್ಟಗಾಗುತ್ತದೆ. (ಸುಮ್ಮಸುಮ್ಮನೆ ಉರುಳಿಸಿ ಹೆದರಿಸುವವರೂ ಇದ್ದಾರೆ. ಒಂದೆರಡು ಸಲ ಮಜಾ, ಆಮೇಲೆ ಬೇಜಾರು.) ಹಾಗಾಗಿ ನನಗೆ ನಿಮ್ಮ ಆಟದ ಐದನೇ ಆವೃತ್ತಿಯ ಪ್ಯಾಸಿವ್ ಪರ್ಸೆಪ್ಷನ್ನೇ ಇಷ್ಟ, ಅಂದರೆ ದಾಳ ಹಾಕದೆಯೇ ಪಾತ್ರದ ಕಣ್ಣಿಗೆ ಎಷ್ಟು ಬೀಳುತ್ತದೆ ಎಂಬ ಲೆಕ್ಕ. 10ಕ್ಕೆ ಪಾತ್ರದ ಪರ್ಸೆಪ್ಷನ್ ಅಂಕ ಕೂಡಿಸಿ. ಆ ಅಂಕ 3 ಇದ್ದರೆ ಒಟ್ಟು 13. ಗುಂಡಿ ಪತ್ತೆಗೆ 12 ಸಾಕಿದ್ದರೆ ಕಂಡಿತು, 15 ಬೇಕಿದ್ದರೆ ಇಲ್ಲ. ಯಾರೂ ದಾಳ ಮುಟ್ಟಲಿಲ್ಲ. ಬೇಕೆಂದೇ ಹುಡುಕುವವರಿದ್ದರೆ, ಆಟ ಶುರುವಾಗುವ ಮುಂಚೆಯೇ ಪ್ರತಿಯೊಬ್ಬರಿಂದ ಐದೈದು ಸಲ ದಾಳ ಹಾಕಿಸಿ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಬೇಕಾದಾಗ ಮನಬಂದ ಒಂದನ್ನು ಆರಿಸಿ.

ಕಥೆ ಮುಂದೆ ಸಾಗಲು ಬೇಕೇ ಬೇಕಾದ ಸುಳಿವನ್ನು ಮಾತ್ರ ದಾಳದ ಹಿಂದೆ ಬಚ್ಚಿಡಬೇಡಿ. 1981ರ ‘ಕಾಲ್ ಆಫ್ ಕ್ತುಲು’ ಎಂಬ ಆಟ ಪತ್ತೇದಾರಿ ಆಟಗಳಿಗೆ ದಾರಿ ತೋರಿಸಿತು, ನಿಜ. ಆದರೆ ಅಲ್ಲಿ ಒಂದು ಕೆಟ್ಟ ಗರ ಬಿದ್ದು ಮುಖ್ಯ ಸುಳಿವೇ ತಪ್ಪಿದರೆ ಇಡೀ ಸಂಜೆ ಹಾಳು. ಆಟಗಳನ್ನು ರೂಪಿಸುವ ರಾಬಿನ್ ಲಾಸ್ ಅವರ ಗಮ್‌ಶೂ ಎಂಬ ನಿಯಮ ಪದ್ಧತಿ ಇದನ್ನೇ ತಿದ್ದಿತು: ಸರಿಯಾದ ವಿದ್ಯೆ ಬಲ್ಲವನು ಸರಿಯಾದ ಜಾಗದಲ್ಲಿ ಹುಡುಕಿದರೆ ಸುಳಿವು ಸಿಕ್ಕೇ ಸಿಗುತ್ತದೆ. ರಕ್ತ ಮೆತ್ತಿದ ಕಾಗದ ಕೈಗೆ ಕೊಟ್ಟುಬಿಡಿ. ಬರೆದವರು ಯಾರು ಎಂದು ಅವರೇ ತಲೆ ಕೆಡಿಸಿಕೊಳ್ಳಲಿ.

ಆಟಗಾರರು ಒಬ್ಬರಿಂದೊಬ್ಬರು ಗುಟ್ಟು ಮುಚ್ಚಿಡುವುದು ಬೇರೆಯೇ ರುಚಿ. 1984ರ ‘ಪ್ಯಾರನೋಯಾ’ ಎಂಬ ಆಟದಲ್ಲಿ ಪ್ರತಿಯೊಬ್ಬನೂ ಗುಪ್ತ ಸಂಘದ ಸದಸ್ಯ, ಹಾಗೆ ಇರುವುದೇ ರಾಜದ್ರೋಹ! ಒಂದೇ ಸಂಜೆಯ ಆಟಕ್ಕೆ ಸೊಗಸು. ವರ್ಷಗಟ್ಟಲೆ ಆಡುವ ತಂಡಕ್ಕೆ ನಾನಂತೂ ಹೇಳಲಾರೆ.

ನಿಮ್ಮ ಗುಂಡಿಯ ವಿಷಯಕ್ಕೆ ಬಂದರೆ, ಓಣಿಯಲ್ಲೆಲ್ಲ ಧೂಳಿದೆ, ಆ ನಾಲ್ಕು ಕಲ್ಲುಗಳ ಮೇಲೆ ಮಾತ್ರ ಇಲ್ಲ ಎಂದು ಮೊದಲೇ ಹೇಳಿಬಿಡಿ. ದಾಟುವುದು ಹೇಗೆಂದು ಅವರು ಜಗಳವಾಡಿಕೊಳ್ಳಲಿ, ನೀವು ಚಹಾ ಕುಡಿಯಿರಿ.