ನಾರಿನ ದಿಕ್ಕು ನೋಡಿದ್ರಾ?
ಮನೆಯಲ್ಲೇ ಹೊಲಿದ ನೋಟ್‌ಬುಕ್ಕಿನ ರಟ್ಟು ಒಣಗಿದ ಮೇಲೆ ಹೊರಕ್ಕೆ ಬಾಗುತ್ತದೆ, ಗೋಂದು ಜಾಸ್ತಿ ಆಯ್ತಾ ಎಂದು ಕೇಳಿದ್ದೀರಿ. ಗೋಂದಿಗಿಂತ ಮೊದಲು ಕಾಗದದ ನಾರಿನ ದಿಕ್ಕು ನೋಡಿ. ಮಿಲ್ಲಿನ ಕಾಗದದಲ್ಲಿ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಒದ್ದೆಯಾದಾಗ ಕಾಗದ ಅದಕ್ಕೆ ಅಡ್ಡಲಾಗಿ ಹಿಗ್ಗುತ್ತದೆ, ಒಣಗುವಾಗ ಕುಗ್ಗಿ ರಟ್ಟನ್ನು ಎಳೆಯುತ್ತದೆ.

ಹಾಳೆಯನ್ನು ಗೆರೆ ಬೀಳದಂತೆ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಮೆಲ್ಲಗೆ ಸುರುಳಿ ಮಾಡಿ ನೋಡಿ. ಸುಲಭವಾಗಿ ಬಾಗಿದ ಸುರುಳಿಯ ಉದ್ದಕ್ಕೇ ನಾರು ಇರುತ್ತದೆ. ರಟ್ಟು, ಹೊದಿಕೆ, ಒಳಹಾಳೆ ಎಲ್ಲದರ ನಾರೂ ಪುಸ್ತಕದ ಬೆನ್ನಿನ ಉದ್ದಕ್ಕೇ ಇರಬೇಕು. ಇದೊಂದರಲ್ಲಿ ರಾಜಿ ಬೇಡವೇ ಬೇಡ.

ರಟ್ಟಿನ ಒಳಮೈಗೂ ಕಾಗದ ಅಂಟಿಸಿ. ಅದು ಇನ್ನೊಂದು ಕಡೆಯಿಂದ ಎಳೆದು ಸರಿದೂಗಿಸುತ್ತದೆ. ಆಮೇಲೆ ಭಾರ ಇಟ್ಟು ಪೂರ್ತಿ ಒಣಗಲು ಬಿಡಿ, ಫ್ಯಾನ್ ಕೆಳಗೆ ಇಡಬೇಡಿ.