ಬಾಣದ ಮೇಲಿನ ಗುರುತು ಪಾಲಿಶ್ ಹಚ್ಚಿದಾಗ ಹರಡುವುದಕ್ಕೆ

ಪರ್ಮನೆಂಟ್ ಮಾರ್ಕರ್‌ನಲ್ಲಿ ಮರದ ಬಾಣದ ಮೇಲೆ ಬರೆದ ಗುರುತು ಪಾಲಿಶ್ ಹಚ್ಚಿದಾಗ ಹರಡಿತು, ಏಕೆ ಅಂತ ಕೇಳಿದ್ದೀರಿ. ಅದು ಮಾರ್ಕರ್ ಕೆಟ್ಟದ್ದೆಂದಲ್ಲ. ಅದರ ಶಾಯಿ ಸ್ಪಿರಿಟ್‌ನಲ್ಲಿ ಕರಗುತ್ತದೆ, ಫ್ರೆಂಚ್ ಪಾಲಿಶ್ ಅಂದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು. ಯಾವ ಪಾಲಿಶ್ ಹಚ್ಚಿದಿರಿ ಅಂತ ಬರೆದಿಲ್ಲ. ಫ್ರೆಂಚ್ ಪಾಲಿಶ್ ಆಗಿದ್ದರೆ ಕಾರಣ ಬಹುತೇಕ ಇದೇ.

ಮೊದಲು ಹರಡಿದ ಜಾಗವನ್ನು ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿ, 320 ನಂಬರಿನ ಉಪ್ಪುಕಾಗದದಿಂದ ಮರದ ನಾರಿನ ಗುಂಟ ಉಜ್ಜಿ. ತೆಳುವಾಗಿ ಒಂದು ಕೋಟ್ ಪಾಲಿಶ್ ಕೊಟ್ಟು ಪೂರ್ತಿ ಒಣಗಿಸಿ. ಇದರಿಂದ ಶಾಯಿ ನಾರಿನೊಳಗೆ ಇಳಿಯುವುದಿಲ್ಲ. ಮೇಲೆ ಗುರುತು ಬರೆದು, ಒಣಗಿದ ನಂತರ ಟರ್ಪೆಂಟೈನ್ ಬೆರೆಸುವ ಎಣ್ಣೆ ವಾರ್ನಿಷ್ ಹಚ್ಚಿ. ಮುಂಚೆ ಒಂದು ತುಂಡು ಕಡ್ಡಿಯ ಮೇಲೆ ನೋಡಿಯೇ ಮುಂದುವರಿಯಿರಿ. ಮಲೆನಾಡಿನ ಸಾಗರದ ಕಡೆ ಜಡಿಮಳೆ ಹಿಡಿದ ದಿನ ಈ ಕೆಲಸ ಬೇಡ, ತೇವಕ್ಕೆ ಫ್ರೆಂಚ್ ಪಾಲಿಶ್ ಬೆಳ್ಳಗಾಗುತ್ತದೆ.

ಚಾಕುವಿನಿಂದ ಕೆತ್ತಲೇ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ನಾರಿಗೆ ಅಡ್ಡ ಬಿದ್ದ ಗೀರಿನಲ್ಲೇ ಕಡ್ಡಿ ಮುರಿಯುತ್ತದೆ, ಬಿಡುವಾಗ ಮುರಿದರೆ ಚೂರು ಬಿಲ್ಲು ಹಿಡಿದ ಕೈಗೆ ಹೊಕ್ಕುತ್ತದೆ. ಕಾದ ಸೂಜಿಯಲ್ಲಿ ಸುಡುವುದಾದರೂ ಬಣ್ಣ ಮಾತ್ರ ಬದಲಾಗಲಿ, ಕುಳಿ ಬೀಳದಿರಲಿ. ಗುರುತಿನ ಜಾಗ ಗರಿಗಳ ಮುಂದೆ ಎರಡು ಬೆರಳು ಬಿಟ್ಟು ಇರಲಿ, ಬತ್ತಳಿಕೆಯಲ್ಲಿದ್ದರೂ ಕಾಣುತ್ತದೆ. ಈಗಾಗಲೇ ಕೆತ್ತಿದ ಬಾಣವಿದ್ದರೆ ಅದನ್ನು ಹೂಡಬೇಡಿ.